ಆಮ್ಯಾಲ

ಸಲ್ಮಾಬಾದಿನ ಲಾಂಡ್ರಿ, ಆಗಸ್ಟಿನ ನಡುಮಧ್ಯಾಹ್ನ.
ಹೊರಗೆ ಬಿಸಿಲಲ್ಲಿ ದುಡಿಸಬಾರದೆಂದು ಸರಕಾರದ ಆಜ್ಞೆ.
ಬಾಯ್ಲರ್ ಕೋಣೆಗೆ ಸೂರಿದೆ, ಹಾಗಾಗಿ ಅದು ಹೊರಗಲ್ಲ.
ಗೋಡೆಯಾಚೆ ಆಸ್ಪತ್ರೆಯ ಚಾದರಗಳು
ಹಬೆಗೆ ಸರದಿ ಕಾಯುತ್ತ ರಾಶಿ ಬಿದ್ದಿವೆ.

ನನಗೆ ಹೇಳಿದ್ದು ಸಣ್ಣ ಕೆಲಸ:
ಹೊಸ ಗ್ಯಾಸ್ ಡಿಟೆಕ್ಟರೊಂದನ್ನು
ಹಳೆಯ ಸರಪಳಿಗೆ ಸೇರಿಸಿ ಬಾ.

ಸರಪಳಿ ಅಂದರೆ ಇಷ್ಟೇ,
ಒಂದೇ ತಂತಿ ಮನೆಮನೆ ಬಾಗಿಲಿಗೆ ಹೋಗಿ ಕೇಳುತ್ತದೆ:
ನೀರು ಇದೆಯಾ? ಇದೆ.
ಒತ್ತಡ ಮಿತಿಯಲ್ಲಿದೆಯಾ? ಇದೆ.
ಗಾಳಿ? ಬರುತ್ತಿದೆ.
ಬಾಗಿಲ ಬಳಿಯ ಕೆಂಪು ಗುಂಡಿ ಯಾರಾದರೂ ಒತ್ತಿದರಾ? ಇಲ್ಲ.
ಎಲ್ಲರೂ ಒಪ್ಪಿದರೆ ಮಾತ್ರ ಬೆಂಕಿ.
ಒಬ್ಬ ಒಲ್ಲೆ ಅಂದರೂ ಸಾಕು, ಬರ್ನರ್ ಬಾಯಿ ಮುಚ್ಚಬೇಕು.
ನಮ್ಮೂರ ಮದುವೆ ಮಾತುಕತೆಯಲ್ಲೂ
ಇಷ್ಟು ಶಿಸ್ತು ಕಂಡವನಲ್ಲ ನಾನು.

ಪ್ಯಾನೆಲ್ ತೆರೆದೆ.
ಬಟ್ಟೆಯ ಜುಂಗು, ಧೂಳು, ಒಣಗಿದ ಒಂದು ಹಲ್ಲಿ.
ಹದಿನೇಳು ಹದಿನೆಂಟನೆಯ ಟರ್ಮಿನಲ್ ನಡುವೆ
ಬೆರಳುದ್ದದ ನೀಲಿ ಕೊಂಡಿ.
ಕಾರ್ಖಾನೆಯಿಂದ ಬರುವಾಗಲೇ ಇರುತ್ತದೆ ಅದು;
ಹೊರಗಿನ ಗುಂಡಿಯ ತಂತಿ ಎಳೆದು ತಂದವನು
ಅದನ್ನು ಕಿತ್ತು, ಆ ಜಾಗದಲ್ಲಿ ತನ್ನೆರಡು ತುದಿ ಕೂರಿಸಬೇಕು.
ತಂತಿ ಬಂದಿತ್ತು.
ಕೊಂಡಿಯೂ ಇತ್ತು.
ಅಂದರೆ ಕೆಂಪು ಗುಂಡಿ
ಗೋಡೆಗಿಟ್ಟ ಬರೀ ಕುಂಕುಮ.

ಕೊಂಡಿಯ ಮೇಲೊಂದು ಅಂಟುಪಟ್ಟಿ, ಹಳದಿಗಟ್ಟಿದ್ದು,
ಬಾಲ್‌ಪೆನ್ನಿನ ಅಕ್ಷರ.
ಕಂಪನಿಯ ಗುರುತು ಅದು, ಮುಟ್ಟಬೇಡ ಅಂದ ಗುಲ್ ನವಾಜ್.
ಸಿಂಹಳ ಇರಬೇಕು ಅಂದ ರೊಡೆಲ್.
ಆರು ವರ್ಷ ಅವರು ನೋಡುತ್ತ ಬಂದದ್ದನ್ನು
ಟಾರ್ಚ್ ಹಿಡಿದು ಓದಿದೆ:
‘ಇದನ್ನ ಆಮ್ಯಾಲ ತಗೀಬೇಕು.’

ಆಮ್ಯಾಲ!
ಬೈಂದೂರಿನವನು ನಾನು, ನನ್ನ ಬಾಯಿಗೆ ಬಾರದ ಮಾತು.
ಬಾದಾಮಿ ಕಡೆಯವನೋ, ಇಳಕಲ್ಲಿನವನೋ,
ಯಾವನೋ ಒಬ್ಬ ಇಲ್ಲೇ ಮಂಡಿಯೂರಿ ಕೂತು
ತನಗೆ ತಾನೇ ಚೀಟಿ ಬರೆದುಕೊಂಡಿದ್ದ,
ಇಲ್ಲಿ ಯಾರೂ ಓದಲಾರರೆಂದು ಹೊಳೆಯದೆ.
ಅಥವಾ, ಹೊಳೆದೇ.
ಚೆನ್ನಾಗಿ ಬೈದೆ ಅವನಿಗೆ, ನನ್ನ ಕನ್ನಡದಲ್ಲಿ.

ಗುಲ್ ನವಾಜ್ ಮಲಗುವುದು ಈ ಗೋಡೆಯ ಹಿಂದೆ.
ಪ್ರತಿ ಗುರುವಾರ ಆ ಗುಂಡಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಾನೆ.
ಏನೂ ವಿವರಿಸದೆ ಹೇಳಿದೆ: ಒತ್ತು.
ಒತ್ತಿದ. ಬೆಂಕಿ ಉರಿಯುತ್ತಲೇ ಇತ್ತು.
ತಿರುಗಿಸಿ ಬಿಡಿಸಿ ಮತ್ತೆ ಒತ್ತಿದ, ಅಂಗೈಯಿಂದ,
ಆಮೇಲೆ ಮುಷ್ಟಿಯಿಂದ.

ಮೇನ್ ಇಳಿಸಿ ಕೊಂಡಿ ಕಿತ್ತೆ. ಮೀಟರ್ ಇಟ್ಟೆ.
ಕೀಂ ಅನ್ನಬೇಕಾದದ್ದು ಅನ್ನಲಿಲ್ಲ;
ಗುಂಡಿಯ ತಂತಿ ದಾರಿಯಲ್ಲೆಲ್ಲೋ ತುಂಡಾಗಿದೆ.
ಅಷ್ಟರಲ್ಲಿ ಶೌಕತನ ಫೋನು:
ಚಾದರ ನಾಲ್ಕಕ್ಕೆ ಹೋಗಲೇಬೇಕು,
ಇದ್ದ ಹಾಗೆ ಕೊಂಡಿ ಹಾಕು, ಶುಕ್ರವಾರ ಬಂದು ಸರಿಮಾಡು.

ಆಗ ಗೊತ್ತಾಯಿತು
ಆ ಬಾದಾಮಿಯವನ ಕಿವಿಯಲ್ಲಿ ಏನಿತ್ತೆಂದು.
ಹುಂ ಅನ್ನಲು ನನ್ನ ನಾಲಿಗೆ ಮೇಲೆ ಎದ್ದೇ ಇತ್ತು.

ಇಪ್ಪತ್ತೆರಡು ಮೀಟರ್ ಕೇಬಲ್.
ಏಣಿ ಹತ್ತಿ, ತಗಡಿನ ಸೂರಿನಡಿ ಹೊಟ್ಟೆ ಮೇಲೆ ತೆವಳಿದೆ.
ಕೆಳಗೆ ಗುಲ್ ನವಾಜ್, ಯಾರೂ ಹೇಳದೆಯೇ,
ಗಂಟಾಗದಂತೆ ಸುರುಳಿ ಬಿಚ್ಚಿ ಬಿಚ್ಚಿ ಕೊಟ್ಟ,
ಮಗುವಿನ ಕೂದಲು ಬಿಡಿಸುವ ಹಾಗೆ.
ಶೌಕತ್ ಎರಡು ಸಲ ಬಂದು ಗಡಿಯಾರ ತೋರಿಸಿ ಹೋದ.

ಆರೂ ನಲವತ್ತಕ್ಕೆ ಬೆಂಕಿ ಹಿಡಿಯಿತು.
ಒತ್ತಿದ. ಆರಿತು.
ಒಮ್ಮೆಲೇ ಕೋಣೆಯಲ್ಲಿ
ಪಕ್ಕದ ಗ್ಯಾರೇಜಿನ ರೇಡಿಯೋ ಕೇಳಿಸಿತು.
ಗುಂಡಿ ಬಿಡಿಸಿದ, ಹೊತ್ತಿಸಿದೆ, ಮತ್ತೆ ಒತ್ತಿದ.
ಮೂರು ಸಲ. ನಾಲ್ಕನೆಯದಕ್ಕೆ ನಾನೇ ಸಾಕು ಅಂದೆ.

ಪಟ್ಟಿಯನ್ನು ಕೀಳಲು ಮನಸ್ಸಾಗಲಿಲ್ಲ.
ಅದರ ಕೆಳಗೆ ತಾರೀಕು ಹಾಕಿ
ನಮ್ಮ ಕಡೆಯ ಮಾತಲ್ಲಿ ಬರೆದೆ: ‘ತೆಗ್ದಾಯ್ತ್, ಮಾರಾಯ.’
ರೊಡೆಲ್ ಇಣುಕಿ ನೋಡಿದ.
ಇದೂ ಸಿಂಹಳವಾ?

ಗ್ಯಾಸ್ ಡಿಟೆಕ್ಟರ್ ಇನ್ನೂ ಡಬ್ಬಿಯಲ್ಲೇ ಇದೆ.
ಅದನ್ನು ನಾಳೆ.