ಇದು ಎಲ್ಲಿ ಸೇರುತ್ತದೆ

ಪಾಠಯೋಜನೆಯ ಹಾಳೆಯಲ್ಲಿ ಆರು ಕಾಲಂ.
ನನ್ನ ಹತ್ತಿರ ಇರುವುದು ಒಂದು ಮುಡಿ.

ಬೈಹುಲ್ಲು ಹಾಸಿ, ಹಗ್ಗ ಸುತ್ತಿ, ಕೊಡತಿಯಲ್ಲಿ ಬಡಿಬಡಿದು
ಗುಂಡಗೆ ಮಾಡಿದ ಅಕ್ಕಿ ಮುಡಿ.
ಕಟ್ಟಬಲ್ಲವರು ಈಗ ಬಸರೂರಿನಲ್ಲಿ
ಇಬ್ಬರೋ ಮೂವರೋ.
ರಿಕ್ಷಾದ ಹಿಂದಿನ ಸೀಟಿನಲ್ಲಿ ಮದುಮಗನಂತೆ ಕೂರಿಸಿ ತಂದೆ;
ಶೀನ ಇಬ್ಬರ ಬಾಡಿಗೆ ಕೇಳಿದ.

ಸುತ್ತೋಲೆಯ ಪ್ರಕಾರ ಮೂರು ವಿಷಯ, ಒಂದೇ ಪಾಠ,
ಪ್ರತಿ ಸಾಲಿಗೂ ಒಂದು ಕಲಿಕಾ ಫಲ,
ಪ್ರತಿ ಫಲಕ್ಕೂ ಒಂದು ಸಂಕೇತ ಸಂಖ್ಯೆ.
ಐರಿನ್ ಟೀಚರ್ ತಮ್ಮ ಪಾಲು ಬೇಗ ಮುಗಿಸಿದರು:
ಹದಿನಾಲ್ಕು ಸೇರಿಗೆ ಒಂದು ಕಳಸೆ,
ಮೂರು ಕಳಸೆಗೆ ಒಂದು ಮುಡಿ,
ಅನುಪಾತ ಎಂದು ಬರೆದು ಪೆನ್ನಿಗೆ ಮುಚ್ಚಳ ಹಾಕಿದರು.
ವಿಜ್ಞಾನದ ಮಂಜಯ್ಯ ಮಾಸ್ಟ್ರು ಮುಡಿಗೆ ಮೂಗು ತಾಗಿಸಿ
ತೇವ, ಹುಳ, ಗಾಳಿ ಎಂದು ಮೂರು ಪದ ಗೀಚಿ
ಐದರ ಬಸ್ಸಿಗೆ ಓಡಿದರು.
ಉಳಿದದ್ದು ಇತಿಹಾಸ. ಅಂದರೆ ನಾನು.

‘ಯುರೋಪಿಯನ್ನರ ಆಗಮನದ ಕಾರಣಗಳನ್ನು
ವಿದ್ಯಾರ್ಥಿಯು ಪಟ್ಟಿ ಮಾಡುವನು.’
ಪಟ್ಟಿಯಲ್ಲಿ ಮೆಣಸಿದೆ, ಏಲಕ್ಕಿಯಿದೆ.
ನಮ್ಮ ಬಂದರಿಗೆ ಅವರು ಅಕ್ಕಿಗೂ ಬಂದರು,
ಮುಡಿ ಲೆಕ್ಕದಲ್ಲಿ ಕಪ್ಪ ಹೇರಿಕೊಂಡು ಹೋದರು ಎಂದು
ಅಂಚಿನಲ್ಲಿ ಸಣ್ಣಕ್ಷರದಲ್ಲಿ ತುರುಕಿದೆ.
ಅಷ್ಟೇ ಜಾಗ ಇದ್ದದ್ದು.

ಪಾಠದ ದಿನ ಬಿಆರ್‌ಸಿಯವರು ಹಿಂದಿನ ಬೆಂಚಿನಲ್ಲಿ,
ಮಡಿಲಲ್ಲಿ ನಮೂನೆ.
ಹದಿನೈದನೇ ನಿಮಿಷಕ್ಕೆ ಹರ್ಷಿಣಿ ಎದ್ದು
ಜವಳಿ ಅಂಗಡಿಯ ಚೀಲದಿಂದ ಎರಡು ಸೇರು ತೆಗೆದಳು.
ಒಂದು ಮನೆಯದು.
ಇನ್ನೊಂದು, ಡಿಕ್ಲರೇಶನ್ ಆದ ವರ್ಷ
ಒಡೇರ ಜಗಲಿಯಿಂದ ಅವಳ ಅಜ್ಜ
ಯಾರನ್ನೂ ಕೇಳದೆ ಎತ್ತಿಕೊಂಡು ಬಂದದ್ದು.
ಅಜ್ಜಿ ಬಚ್ಚಿ ಪೂಜಾರ್ತಿ ಹೇಳಿ ಕಳಿಸಿದ ಮಾತನ್ನು
ಹುಡುಗಿ ಹಾಗೆಯೇ ಒಪ್ಪಿಸಿದಳು:
‘ಗೇಣಿ ಅಳುಕೆ ದೊಡ್ ಸೇರ್, ಕೂಲಿ ಅಳುಕೆ ಸಣ್ ಸೇರ್,
ಎರಡಕ್ಕೂ ಹೆಸ್ರ್ ಸೇರೇ ಅಲ್ದಾ.’

ಯೋಜನೆಯಲ್ಲಿ ಇದು ಇರಲಿಲ್ಲ.

ಅಳೆದು ನೋಡುವಾ ಎಂದೆ.
ದೊಡ್ಡದನ್ನು ತುಂಬಿ ಸಣ್ಣದಕ್ಕೆ ಸುರಿಯಲು ಬಂದವನು ಪ್ರಣೀತ,
ಒಡೇರ ಮನೆಯ ಮರಿಮಗ; ಅವನಿಗೆ ಗೊತ್ತಿತ್ತೋ ಇಲ್ಲವೋ,
ತರಗತಿಗೆ ಗೊತ್ತಿತ್ತು.
ಸಣ್ಣ ಸೇರು ತುಂಬಿ, ಗೋಪುರವಾಗಿ, ಜಾರಿ,
ಮೇಜಿನ ಮೇಲೆ ಉಳಿಯಿತು ಮೂರು ಹಿಡಿ.

ಐರಿನ್ ಟೀಚರ್ ಬೋರ್ಡಿಗೆ ತಿರುಗಿದರು.
ಮೂರು ಹಿಡಿ, ನಲವತ್ತೆರಡು ಸೇರು,
ಬಚ್ಚಿ ಪೂಜಾರ್ತಿಯ ಗೇಣಿ ವರ್ಷಕ್ಕೆ ಎಂಟು ಮುಡಿ.
ಗುಣಿಸಿದರೆ ಸಾವಿರದ ಎಂಟು,
ದೇವರ ನಾಮಾವಳಿಯ ಹಾಗೆ.
ಯಾರೂ ನಗಲಿಲ್ಲ.
ಸೀಮೆಸುಣ್ಣ ಹಿಡಿದ ಕೈ ಸ್ವಲ್ಪ ಹೊತ್ತು ಅಲ್ಲೇ ಇತ್ತು.

ಪ್ರಣೀತ ಬೊಗಸೆಯಲ್ಲಿ ಅಕ್ಕಿ ಹಿಡಿದು ನಿಂತಿದ್ದ:
‘ಸರ್, ಇದನ್ನು ಎಲ್ಲಿ ಹಾಕುವುದು?’
ಅದೇ ಹೊತ್ತಿಗೆ ಹಿಂದಿನ ಬೆಂಚಿನಿಂದ:
‘ಮಾಸ್ಟ್ರೇ, ಇದು ಯಾವ ಫಲದಲ್ಲಿ ಸೇರುತ್ತದೆ?’

ಒಬ್ಬರಿಗೆ ಮಾತ್ರ ಉತ್ತರ ಹೊಳೆಯಿತು.
ಹುಡುಗನಿಗೆ ಹೇಳಿದೆ, ಅಡುಗೆ ಕೋಣೆಗೆ ಕೊಟ್ಟು ಬಾ.

ಬಿಆರ್‌ಸಿಯವರು ಒಳ್ಳೆಯವರೇ. ಹಾಳೆ ತಿರುವಿದರು,
ಸಂಕೇತದ ಪಟ್ಟಿಯಲ್ಲಿ ಬೆರಳು ಮೇಲೆ ಕೆಳಗೆ ಹೋಯಿತು,
ಕೊನೆಗೆ ಷರಾ ಕಾಲಮಿನಲ್ಲಿ ಬರೆದರು:
‘ಮಾನದಂಡಕ್ಕೆ ಅನುಗುಣವಾಗಿದೆ.’
ಮೇಜಿನ ಮೇಲೆ ಎರಡು ಸೇರು ಪಕ್ಕಪಕ್ಕ ಇದ್ದವು.
ಯಾವ ಮಾನ ಎಂದು ನಾನು ಕೇಳಲಿಲ್ಲ;
ನನಗೂ ಸಹಿ ಬೇಕಿತ್ತು.

ಮಧ್ಯಾಹ್ನ ಬಿಸಿಯೂಟದ ಲಚ್ಚಕ್ಕ ಗೊಣಗುತ್ತಿದ್ದರು:
ಸ್ಟಾಕ್ ಪುಸ್ತಕದಲ್ಲಿ ಕಿಲೋ ಉಂಟು, ಗ್ರಾಮು ಉಂಟು,
ಹಿಡಿ ಅಂತ ಎಲ್ಲಿಯೂ ಇಲ್ಲ,
ಮಾಣಿ ತಂದು ಕೊಟ್ಟದ್ದನ್ನು ಎಲ್ಲಿ ಬರೆಯುವುದು?

ಬರೆಯದೆ, ಕುದಿಯುವ ಎಸರಿಗೆ ಹಾಕಿದ್ದರು.