ಹುಕ್ಕೇರಿ ರೇಡಿಯೋ, ಖಡೇಬಜಾರ

ಮೊದಲು ಸ್ಕ್ರೂ ನೋಡಬೇಕು.
ಬೆನ್ನಿನ ತಗಡಿನ ಮ್ಯಾಲಿನ ನಂಬರಲ್ಲ,
ಅದನ್ನ ಯಾರರೆ ಕೆತ್ತತಾರ.
ಸ್ಕ್ರೂವಿನ ತಲಿ ನೋಡಬೇಕು:
ಎಷ್ಟು ಸಲ ತಿರುವ್ಯಾರ,
ಅದರಾಗ ಎಷ್ಟು ಮಂದಿ ಸಿಟ್ಟಿನಾಗ ತಿರುವ್ಯಾರ.

ಕ್ಯಾಂಪಿನಿಂದ ಎಸ್ಪೆರಾನ್ಸಾ ಬಾಯಿ ತಂದಾರ,
ಹಳೇ ಚಾದರದಾಗ ಸುತ್ತಿ,
ಕೂಸಿನಂಗ ಅಲ್ಲ, ಕಟಗಿ ಹೊರಿ ತಂದಂಗ ಬಗಲಾಗ.
ಗಂಡ ಕಾಯ್ತಾನ ಬ್ರಗಾಂಜಾ ಬಾರಿಸಿದ್ದು.
ಜಪಾನಿನ ಗಿಟಾರು, ಅರವತ್ತೆಂಟರದಂತ.
ಪುಣೆಯಿಂದ ಬಂದ ನಿಂಬಾಳಕರ
ಸ್ಟೂಲಿನ ಮ್ಯಾಲ ತುದಿಗಾಲಾಗ ಕುಂತಾನ.
ಪೂರಾ ಒರಿಜಿನಲ್ ಇದ್ರ ಎಂಬತ್ತು ಸಾವಿರ,
ಇಲ್ಲಂದ್ರ ಒಂದೊಂದಕ್ಕ ಒಂದೊಂದು ಕಡತ.
ಕಾಲಮ್ ಎರಡು ಗೀಟು ಹೊಡದು ಬರದು ಕೊಡ್ರಿ, ಅಂದಾನ.

ಬಾಜೂ ಕುಂದಾ ಅಂಗಡಿಯಿಂದ
ನೋಟು ನೋಡೋ ನೀಲಿ ದೀಪ ಕಡಾ ತಂದೆ.
ಶಟರ್ ಅರ್ಧ ಎಳದು ಕತ್ತಲಿ ಮಾಡಿ ಹಿಡಿದ್ರ
ಹಳೇ ವಾರ್ನಿಶು ಹಸಿರೊಡದು ಹೊಳೀತು,
ಮಜ್ಜಿಗಿ ಮ್ಯಾಲ ತೇಲೋ ಒಗ್ಗರಣಿ ಎಣ್ಣಿಯಂಗ.
ಮೊಣಕೈ ಊರೋ ಜಾಗಾದಾಗ ಮಾತ್ರ ಕರೀ ತ್ಯಾಪಿ,
ಆಮ್ಯಾಲ ಬಡದ ಬಣ್ಣ. ಎರಡನೇ ಕಾಲಮ್.
ನನ್ನ ಉಗುರಿನ ಸಂದಿ ಅರಿಷಿಣಾನೂ ಹೊಳೀತು,
ಮುಂಜಾನಿ ಸಾರಿಂದು.
ಕೇಳದೇನ ಸಾಕ್ಷಿ ಹೇಳಿದಂಗ.

ತಂತಿ ತಿರುವೋ ಕಿವಿ ಐದು ಖರೇ, ಆರನೇದು ಬ್ಯಾರೆ.
ಅದರ ಬುಡಕ್ಕ ಹಳೇ ತೂತು, ಮೇಣ ತುಂಬಿದ್ದು.
ತಂತಿ ಕುಂಡ್ರೋ ಬಿಳೀ ಪಟ್ಟಿ ಎಲುಬಿಂದು,
ಮಿರಜಿನ ಸಿತಾರದವರ ಅರದ ಗುರುತು ಐತಿ.
ಕುತಿಗಿ ಕಳಚಿದ್ರ ಬುಡದಾಗ ಪೆನ್ಸಿಲ್ಲಿನ ತಾರೀಖು,
ನನಗ ಓದಾಕ ಬರಲಾರದ ಅಕ್ಷರ,
ಊಟದ ಗಂಟಿ ಹೊಡಿಯೂದರಾಗ
ಯಾರೋ ಹಸದಾವ ಗೀಚಿದಂಗ.
ಇದು ಒರಿಜಿನಲ್, ಅಂದೆ.
ನಿಂಬಾಳಕರ ಫೋಟೋ ಹೊಡಕೊಂಡ.

ಕಡೀಕ ಎದಿ ಮ್ಯಾಲಿನ ಪ್ಲಾಸ್ಟಿಕ್ ಎತ್ತಿದೆ.
ಒಳಗ ಧೂಳು, ಒಂದು ಸತ್ತ ಜೇಡ,
ಕಪ್ಪು ವೈರು, ಬಿಳಿ ವೈರು.
ವಾಲ್ಯೂಮಿನ ಕಾಲಿಗೆ ಹಚ್ಚಿದ ಬೆಸುಗಿ ಮ್ಯಾಲ
ಒಂದು ಕೆಂಪು ಬೊಟ್ಟು,
ಸಾಸಿವಿ ಕಾಳಿನಷ್ಟು.

ಅಪ್ಪ ಮಾಡಿದ ಕೆಲಸಕ್ಕೆಲ್ಲಾ ಬೊಟ್ಟು ಇಡತಿದ್ದ,
ನಾಳೆ ಯಾರರೆ ಬಿಚ್ಚಿದ್ರ ಗೊತ್ತಾಗ್ಲೆಂತ.
ಉಗುರಿನ ಬಣ್ಣದ ಶೀಸೆ ಅಂಗಿ ಕಿಸೇದಾಗ ಸಿಕ್ಕು
ಅವ್ವ ಮೂರು ದಿನಾ ಮಾತು ಬಿಟ್ಟಿದ್ಲು.
ನಾಲ್ಕನೇ ದಿನ ತಾನ ಅಂಗಡಿಗೆ ಬಂದು
ಒಂದು ಮರ್ಫಿಯ ಹೊಟ್ಟಿ ಬಿಚ್ಚಿಸಿ ನೋಡಿ ಹ್ವಾದ್ಲು.
ಏನೂ ಅನಲಿಲ್ಲ. ರಾತ್ರಿ ಜ್ವಾಳದ ರೊಟ್ಟಿ ಬಿಸೀನ ಇತ್ತು.

ಥಿನ್ನರಿನ ಹತ್ತಿ ಕೈಯಾಗ ಇತ್ತು.
ಒಂದು ಸಲ ಒರಸಿದ್ರ ಬೊಟ್ಟು ಇಲ್ಲ,
ಬೆಸುಗಿ ಕಾರ್ಖಾನಿಯದರಂಗ ನುಣ್ಣಗ.
ಹತ್ತು ಸಾವಿರ ಉಳೀತಾವು ಬಾಯಿಗೆ.
ನಿಂಬಾಳಕರ ಫೋನಿನಾಗ ಜೇಡ ದೊಡ್ಡದು ಮಾಡಿ ನೋಡಾಕತ್ತಿದ್ದ.

ಬಾಯಿ ಎದ್ದು ಬಂದು ಬಗ್ಗಿ ನೋಡಿದ್ರು.
"ಕ್ರಿಸ್ಮಸ್ಸಿನ ಡ್ಯಾನ್ಸಿನಾಗ ಕರೆಂಟ್ ಹೊಡದಿತ್ತು ಅವರಿಗೆ,
ತುಟಿಗೆ. ಮೈಕಿಗೆ ಮುಟ್ಟಿತ್ತು.
ನಿಮ್ಮ ತಂದಿ ನಮ್ಮ ಮನಿ ಫರಸಿ ಮ್ಯಾಲ ಕುಂತು
ನಡುರಾತ್ರಿ ಮಟ ಇದನ್ನ ಮಾಡಿದ್ರು.
ಮೀನು ತಿನ್ನಲಿಲ್ಲ, ರೊಕ್ಕಾ ಮುಟ್ಟಲಿಲ್ಲ,
ನಾಲ್ಕು ಕಪ್ಪು ಚಾ ಕುಡದ್ರು.
ಬರೀರಿ, ಬರೀರಿ ಅದನ್ನ."

ಬರದೆ.
ಯಾವ ಕಾಲಮ್ಮಿನಾಗಂತ ಪೆನ್ನು ಒಂದೀಟು ನಿಂತು
ಗೀಟಿನ ಮ್ಯಾಲೇನ ಬರದೆ:
ವಾಲ್ಯೂಮ್, ಹುಕ್ಕೇರಿ ರೇಡಿಯೋ, ಎಂಬತ್ತೊಂದು.
ನಿಂಬಾಳಕರ ಹತ್ತು ಕಡದ.
ಬಾಯಿ ನೋಟು ಎಣಿಸಿ ಚಾದರ ಮಡಚಿಕೊಂಡ್ರು.

ಹೋಗೂಮುಂದ ಒಂದು ಸಲ ಹಚ್ಚಿ ನೋಡೂನು ಅಂತ
ಪೆಟ್ಟಿಗಿಗೆ ಜೋಡಿಸಿ ವಾಲ್ಯೂಮ್ ತಿರುವಿದೆ.
ಬಾಕಿ ಎರಡೂ ಕಿವಿ ಕರಕರ ಅಂದ್ವು, ಒರಿಜಿನಲ್.
ಇದು ಸೊನ್ನಿಯಿಂದ ಹತ್ತರ ಮಟ
ಒಂದು ಮಾತೂ ಆಡದ ತಿರುಗಿತು.

ದೀಪ ವಾಪಸ್ ಕೊಡಾಕ ಹೋದ್ರ
ಕುಂದಾದವ ಕೇಳಿದ: ಖೋಟಾ ಏನರೆ ಸಿಕ್ತೇನು?