ನೆರಳಿನ ಪಾಠ

ರಾಜಧಾನಿ ನೂಕ್‌ನಿಂದ ಬಂದ ಹಾಳೆ ಹೇಳುತ್ತದೆ:
ಎರಡನೇ ತರಗತಿ, ನವೆಂಬರ್ ಮೂರನೇ ವಾರ,
ಅಂಗಳದಲ್ಲಿ ಕೋಲು ನೆಟ್ಟು ನೆರಳು ಅಳೆಯುವುದು.

ನಮ್ಮ ಉಪೆರ್ನಾವಿಕ್‌ನಲ್ಲಿ ಆ ಹೊತ್ತಿಗೆ
ಸೂರ್ಯನೇ ರಜೆ ಹಾಕಿರುತ್ತಾನೆ.

ರಬ್ಬರು ತೆಗೆದುಕೊಂಡೆ. ನೆರಳನ್ನು ಉಜ್ಜಿ
ಫೆಬ್ರವರಿಗೆ ಸರಿಸಿದೆ.
ಖಾಲಿಯಾದ ಚೌಕದಲ್ಲಿ ಏನು ಬರೆಯಲಿ?
ಕೂಡುವ ಲೆಕ್ಕ? ಬಿಟ್ಟ ಸ್ಥಳ ತುಂಬಿರಿ?
ಬಿದ್ದ ಹಲ್ಲುಗಳ ಎಣಿಕೆ — ಏಳು ಮಂದಿ, ಹನ್ನೊಂದು ಹಲ್ಲು?

ಮೇಜಿನಾಚೆ ನಿಂತಿದ್ದ ಪಿಪಲುಕ್
ಹಾಳೆಯನ್ನು ತಲೆಕೆಳಗಾಗಿಯೇ ಓದಿದಳು,
ಮೊನ್ನೆಯವರೆಗೂ ನೆಟ್ಟಗಿದ್ದದ್ದಕ್ಕೇ ತಡವರಿಸುತ್ತಿದ್ದವಳು:
“ಅಲ್ಲೀವರೆಗೂ ನನ್ನ ನೆರಳು ಎಲ್ಲಿ ಮಲಗುತ್ತೆ?”

ಗುರಿ, ಸಾಮಗ್ರಿ, ಅವಧಿ, ಮೌಲ್ಯಮಾಪನ.
ನಾಲ್ಕು ಅಂಕಣ; ಯಾವುದರಲ್ಲೂ ಹಿಡಿಸಲಿಲ್ಲ.

ನವೆಂಬರಿನ ಚೌಕದ ತುಂಬ ಅವಳ ಮಾತನ್ನೇ ಬರೆದೆ.
ಸಾಮಗ್ರಿ: ಒಂದು ಟಾರ್ಚು.
ಅವಧಿ: ನೋಡೋಣ.